ಪೆದ್ದ ಸೂರ ಬಿಲ್ಲು ಕೆತ್ತಿದ್ದು

ಓದುವ ಹಿರಿಯರಿಗೂ ಅಕ್ಕತಂಗಿಯರಿಗೂ ನನ್ನ ನಮಸ್ಕಾರಗಳು. ನಾನು ಶಾಲೆಗೆ ಹೋದದ್ದು ಸ್ವಲ್ಪವೇ ಕಾಲ. ನನ್ನ ಅಕ್ಷರಗಳು ದುಂಡಾಗಿಲ್ಲ, ಮಾತಿಗೆ ಅಲಂಕಾರವೂ ಇಲ್ಲ. ಇದಕ್ಕೆ ಮೊದಲು ಯಾವ ಕತೆಯನ್ನೂ ಬರೆದವಳಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕುಳಿತಾಗ ನಮ್ಮ ಅಜ್ಜಿ ಹೇಳುತ್ತಿದ್ದ ಕತೆಯೊಂದು ನನ್ನೊಂದಿಗೇ ಮುಗಿದುಹೋಗಬಾರದೆಂಬ ಆಸೆಯಿಂದ, ಹೆದರುತ್ತಲೇ ಇಲ್ಲಿ ಬರೆದಿದ್ದೇನೆ. ಕತೆಯ ಜನರು ಮಾತ್ರ ತಮ್ಮ ಮನೆಯಲ್ಲಿ ಆಡುವಂತೆಯೇ ಆಡಲೆಂದು ಬಿಟ್ಟಿದ್ದೇನೆ.

ಬಂಡೆಗುಡ್ಡಗಳ ಸೀಮೆಯಲ್ಲಿ ಒಂದು ಬೇಡರ ಹಟ್ಟಿ. ಆ ಹಟ್ಟಿಯಲ್ಲಿ ಗಾದ್ರವ್ವನೆಂಬ ವಿಧವೆ. ಗಾದ್ರವ್ವನಿಗೆ ಸೂರನೆಂಬ ಒಬ್ಬನೇ ಮಗ. ಆಳು ನೋಡಿದರೆ ಆನೆಯ ಮರಿ, ಬುದ್ಧಿ ನೋಡಿದರೆ ಆಡಿನ ಮರಿ. ‘ಬಾಗಿಲು ನೋಡ್ಕೋ’ ಎಂದರೆ ಬಾಗಿಲ ಮುಂದೆ ಕುಳಿತು ಸಂಜೆಯವರೆಗೂ ಬಾಗಿಲನ್ನೇ ನೋಡುವನು. ಹಿಂಬದಿಯ ಗೋಡೆ ಹಾರಿ ಕೋತಿಗಳು ರೊಟ್ಟಿ ಹೊತ್ತೊಯ್ದರೂ ತಿರುಗಿ ನೋಡನು.

ಗಾದ್ರವ್ವನಿಗೆ ಒಂದೇ ಚಿಂತೆ. ಅವಳ ಅಣ್ಣ ಕಾಟಯ್ಯನಿಗೆ ಪಾಲಕ್ಕನೆಂಬ ಮಗಳಿದ್ದಳು. ಅವಳನ್ನು ಸೂರನಿಗೆ ತಂದುಕೊಳ್ಳಬೇಕು. ಆದರೆ ಆ ಹಟ್ಟಿಯ ಕಟ್ಟಳೆ ಏನೆಂದರೆ, ಮದುವೆಯಾಗುವ ಗಂಡು ತನ್ನ ಕೈಯಾರೆ ಬಿಲ್ಲು ಕೆತ್ತಿ ತರಬೇಕು. ಅದನ್ನು ಕಂಬದ ಗೂಟಕ್ಕೆ ಅಡ್ಡಲಾಗಿ ತಗುಲಿಸಿ, ಹೆಣ್ಣು ಹೆದೆಯನ್ನು ಕೆಳಕ್ಕೆ ಎಳೆಯಬೇಕು. ಹಿರಿಯರು ಎದುರಿಗೆ ಕುಳಿತು ನೋಡಬೇಕು. ಬಿಲ್ಲಿನ ಎರಡು ತೋಳೂ ಒಂದೇ ಸಮನೆ ಬಾಗಿದರೆ ಹೆಣ್ಣು ಅವನದು. ಒಂದು ತೋಳು ಹೆಚ್ಚು ಬಾಗಿ ಇನ್ನೊಂದು ಬಿಗಿದುಕೊಂಡಿತೋ, ‘ಈ ಸಂಸಾರದ ಭಾರವೆಲ್ಲ ಒಬ್ಬರ ಮೇಲೇ ಬೀಳುತ್ತದೆ’ ಎಂದು ಹಿರಿಯರು ಎದ್ದು ಹೋಗುವರು.

ಕಾಟಯ್ಯನೇ ಹಟ್ಟಿಗೆಲ್ಲ ದೊಡ್ಡ ಬಿಲ್ಲುಗಾರ. ಅವನು ಹೇಳಿದ, “ನೋಡು ತಂಗೀ, ಬರೋ ವರ್ಷ ಮಾವು ಚಿಗುರೋದ್ರೊಳಗೆ ನಿನ್ನ ಮಗ ಬಿಲ್ಲು ತರಬೇಕು. ಇಲ್ಲಾಂದ್ರೆ ಗುಡ್ಡದಾಚೆ ಮುದ್ದಯ್ಯ ಕೇಳ್ತಾ ಅವ್ನೆ. ಆಮೇಲೆ ನನ್ನ ಬೈಬೇಡ.”

ಗಾದ್ರವ್ವ ಮಗನನ್ನು ಕರೆದಳು. “ಸೂರಾ, ಕಾಡಿಗೆ ಹೋಗು. ಗಂಟಿಲ್ಲದ ತಡಸಲು ಮರ ನೋಡಿ ಕಡಿದು, ಸೀಳಿ, ಒಣಗಿಸು.”

ಸೂರ ಹೋದ. ಕಡಿದ. ಸೀಳಿದ. ಒಣಗಿಸು ಎಂದಿದ್ದಳಲ್ಲವೇ? ಹಸಿ ಸೀಳನ್ನು ತಂದು ಕಾದ ಬಂಡೆಯ ಮೇಲೆ ಉರಿಬಿಸಿಲಿಗೆ ಹಾಕಿ, ಪಕ್ಕದಲ್ಲಿ ತಾನೂ ಬೆವರುತ್ತ ಕುಳಿತ. ಸಂಜೆಗೆ ಸೀಳು ಚಟಾರೆಂದು ಬಿರಿಯಿತು.

“ಅವ್ವಾ, ಒಣಗ್ತು! ಒಣಗಿ ಬಾಯೂ ಬಿಡ್ತು!”

ಗಾದ್ರವ್ವ ಹಣೆ ಬಡಿದುಕೊಂಡಳು. “ಅಯ್ಯೋ ನನ್ನ ಸೂರಾ, ನಿನಗೆ ಹೇಳಿದ್ರೂ ಕಷ್ಟ, ಹೇಳದಿದ್ರೂ ಕಷ್ಟ! ಹಸೀದನ್ನ ಬಿಸಿಲಿಗೆ ಇಕ್ತಾರೇನ್ಲಾ? ನೆರಳಲ್ಲಿ ಉದ್ದಕ್ಕೆ ಮಲಗಿಸಬೇಕು. ಎರಡು ತುದಿಗೂ ಸಗಣಿ ಮೆತ್ತಬೇಕು. ತಾನಾಗಿ ಆರೋತನಕ ಅಲ್ಲಾಡಿಸಬಾರ್ದು.”

“ಆಗ್ಲಿ ಅವ್ವಾ, ಹಂಗೇ ಮಾಡ್ತೀನಿ.”

ಸೂರ ಮತ್ತೊಂದು ಸೀಳು ತಂದ. ನೆರಳಲ್ಲಿ ಮಲಗಿಸಿದ. ಎರಡು ತುದಿಗೂ ಸಗಣಿ ಮೆತ್ತಿದ. ಗಾದ್ರವ್ವನಿಗೆ ಸಮಾಧಾನವಾಯಿತು. ಮಳೆಗಾಲ ಬಂದಿತು. ಒಂದು ದಿನ ಗಾದ್ರವ್ವ ಹೊಲಕ್ಕೆ ಹೋಗಿದ್ದಾಗ, ಕಾಡಿಗೆ ಹೋಗಿದ್ದ ಕಾಟಯ್ಯ ಸೀಳು ನೋಡಿಹೋಗೋಣವೆಂದು ಬಂದ. ದಾರಿಯಲ್ಲಿ ಜೋರುಮಳೆ ಹಿಡಿದು ಅಂಗಿ, ಪಂಚೆ, ರುಮಾಲು ಎಲ್ಲವೂ ತೊಯ್ದಿದ್ದವು.

“ಸೂರಾ, ಪೂರ್ತಿ ಹಸಿಯಾಗೋದೆ ಕಣ್ಲಾ! ಒಸಿ ಒಣಗಿಸ್ಕೊಳ್ಳೋಕೆ ಏನಾದ್ರೂ ಮಾಡು.”

ಹಸಿಯಾದದ್ದನ್ನು ಒಣಗಿಸುವುದು ಹೇಗೆಂದು ಸೂರನಿಗೆ ಗೊತ್ತಿಲ್ಲವೇ? ಮಾವನನ್ನು ಎತ್ತಿದ. ಸೀಳಿನ ಪಕ್ಕಕ್ಕೆ ಉದ್ದಕ್ಕೆ ಮಲಗಿಸಿದ. ತಲೆಗೆ ಒಂದು ಬೊಗಸೆ ಸಗಣಿ, ಪಾದಕ್ಕೆ ಒಂದು ಬೊಗಸೆ ಸಗಣಿ.

“ಏಯ್! ಏನ್ ಮಾಡ್ತಿದೀಯ್ಲಾ!”

“ಅಲ್ಲಾಡಬೇಡ ಮಾವ! ಅಲ್ಲಾಡಿದ್ರೆ ಬಿರಿದೋಯ್ತೀಯ!”

ಗಾದ್ರವ್ವ ಬಂದು ನೋಡುವಾಗ ಅಣ್ಣನ ಕಣ್ಣುಗಳು ಮಾತ್ರ ಮಿಟುಕುತ್ತಿದ್ದವು. ಸೂರ ಅವನ ಎದೆಯ ಮೇಲೆ ಕೈಯೂರಿ ಕುಳಿತಿದ್ದ.

“ಅಯ್ಯೋ ನನ್ನ ಸೂರಾ, ನಿನಗೆ ಹೇಳಿದ್ರೂ ಕಷ್ಟ, ಹೇಳದಿದ್ರೂ ಕಷ್ಟ! ಕಾಡು ದಾಟಿ ಮನೆಗೆ ಬಂದೋರ್ನ ಒಲೆ ಪಕ್ಕ ಕೂರಿಸಬೇಕು. ಕಂಬಳಿ ಹೊದಿಸಬೇಕು. ಬೆಲ್ಲ ನೀರು ಕೊಡಬೇಕು. ಸಗಣಿ ಮೆತ್ತುತಾರೇನ್ಲಾ?”

“ಆಗ್ಲಿ ಅವ್ವಾ, ಹಂಗೇ ಮಾಡ್ತೀನಿ.”

ಕಾಟಯ್ಯ ತಲೆ ತೊಳೆದುಕೊಂಡು, “ಇವನಿಗೆ ಹೆಣ್ಣು ಕೊಡೋ ಬದಲು ಬಾವಿಗೆ ಕೊಡಬಹುದು” ಎಂದು ಗೊಣಗುತ್ತ ಹೋದ.

ಮಳೆಗಾಲ ಕಳೆಯಿತು, ಚಳಿಗಾಲ ಬಂದಿತು, ಸೀಳು ಚೆನ್ನಾಗಿ ಒಣಗಿತು. ಗಾದ್ರವ್ವ ಅದನ್ನು ಮಗನ ಕೈಗಿತ್ತು, “ಒಳಕ್ಕೆ ತಗೊಂಡು ಹೋಗಪ್ಪ. ನೀರು ತಂದಮೇಲೆ ಕೆಲಸ ತೋರಿಸ್ತೀನಿ” ಎಂದು ಬಿಂದಿಗೆ ಹಿಡಿದು ಹೊರಟಳು.

ಸೂರ ಸೀಳನ್ನು ನೋಡಿದ. ಇದೂ ಕಾಡು ದಾಟಿ ಮನೆಗೆ ಬಂದದ್ದೇ ತಾನೇ? ಒಲೆಗೆ ಒರಗಿಸಿ ಕೂರಿಸಿದ. ಕಂಬಳಿ ಹೊದಿಸಿದ. ಬೆಲ್ಲ ನೀರು ತಂದು ಮುಂದಿಟ್ಟ. “ತಗೋ, ನಾಚ್ಕೋಬೇಡ” ಎಂದ. ಗಾದ್ರವ್ವ ಮರಳುವಾಗ ಬೆಲ್ಲ ನೀರಿಗೆ ಇರುವೆ ಮುತ್ತಿತ್ತು, ಕಂಬಳಿ ಹೊಗೆಯಾಡುತ್ತಿತ್ತು, ಸೀಳಿನ ಅರ್ಧ ಭಾಗ ಕೆಂಡವಾಗಿತ್ತು.

“ಅವ್ವಾ, ನೀರು ಕುಡೀಲೇ ಇಲ್ಲ! ಸಿಟ್ಟು ಬಂದಿರಬೇಕು!”

ಗಾದ್ರವ್ವ ಅಂದು ಬೈಯಲಿಲ್ಲ. ಬೈಯಲು ಶಕ್ತಿಯಿರಲಿಲ್ಲ. ಮುಸಿಮುಸಿ ಅಳುತ್ತಾ ಅಣ್ಣನ ಮನೆಗೆ ಹೋಗಿ ಹೊಸ್ತಿಲಲ್ಲಿ ಕುಳಿತಳು.

ಒಳಗಿನಿಂದ ಪಾಲಕ್ಕ ಬಂದಳು. “ಅತ್ತೆ, ಅಳಬೇಡಿ. ಅಪ್ಪಾ, ಅಟ್ಟದ ಮೇಲೆ ಅಜ್ಜನ ಕಾಲದ ಎರಡು ಸೀಳು ಅವಲ್ಲ?”

“ಎಂಥದಕ್ಕೇ? ಒಲೆಗಾ?” ಎಂದ ಕಾಟಯ್ಯ. “ಆ ಮುದ್ದಯ್ಯ ಎಷ್ಟು ಚೂಟಿ ಹುಡುಗ!”

“ಮುದ್ದಯ್ಯ ಯಾರ ಮಾತೂ ಕೇಳಲ್ಲ. ಅವರವ್ವ ಕರೆದ್ರೂ ಓ ಅನ್ನಲ್ಲ. ಹೇಳಿದ್ದನ್ನ ಹೇಳಿದಂಗೆ ಕೇಳೋ ಗಂಡಸು ಈ ಹಟ್ಟೀಲಿ ಇನ್ನೊಬ್ಬ ಎಲ್ಲವ್ನೆ ತೋರಿಸು ನೋಡೋಣ!”

ಕಾಟಯ್ಯ ಮಗಳ ಮುಖ ನೋಡಿದ, ತಂಗಿಯ ಮುಖ ನೋಡಿದ, ಅಟ್ಟ ಹತ್ತಿದ. ಸೂರನನ್ನು ಕರೆಸಿ, ಸೀಳಿನ ನಡುವೆ ಕೈಹಿಡಿ ಗುರುತಿಸಿ, ಎರಡು ತೋಳುಗಳನ್ನೂ ತಾನೇ ಅಳೆದು ಗೆರೆ ಎಳೆದುಕೊಟ್ಟ. “ನೋಡ್ಲಾ. ಗೆರೆ ತನಕ ಬಾಚಿಯಲ್ಲಿ ಕೆತ್ತು. ಆಮೇಲೆ ಬಗ್ಗಿಸಿ ನೋಡು. ಯಾವ ತೋಳು ಬಾಗಲ್ಲವೋ ಅದನ್ನ ಹೊಟ್ಟೆ ಕಡೆಯಿಂದ, ಅಂದ್ರೆ ಹೆದೆ ಕಡೆ ಮೈಯಿಂದ, ಹೆರಿ. ಬಾಗೋ ತೋಳನ್ನ ಮುಟ್ಟಬೇಡ.”

“ಆಗ್ಲಿ ಮಾವ, ಹಂಗೇ ಮಾಡ್ತೀನಿ.”

ಸೂರ ಕೆತ್ತಿದ. ಬಗ್ಗಿಸಿದ. ಎಡತೋಳು ಬಾಗಲಿಲ್ಲ, ಎಡವನ್ನು ಭರಭರನೆ ಹೆರೆದ. ಈಗ ಎಡ ಹೆಚ್ಚು ಬಾಗಿತು, ಬಲ ಬಾಗಲಿಲ್ಲ. ಬಲವನ್ನು ಭರಭರನೆ ಹೆರೆದ. ಈಗ ಬಲ ಹೆಚ್ಚಾಯಿತು, ಎಡವನ್ನು ಹೆರೆದ. ಎಡ ಹೆಚ್ಚಾಯಿತು, ಬಲವನ್ನು ಹೆರೆದ. ಹೊಟ್ಟು ಮೊಣಕಾಲಿನವರೆಗೆ ಏರಿತು, ಬಿಲ್ಲು ಬೆರಳಿನಷ್ಟಕ್ಕೆ ಇಳಿಯಿತು. ಕೊನೆಗೆ ಎರಡು ತೋಳೂ ಸಮನಾದವು. ಸೂರ ಹಿಗ್ಗಿ ಮಾವನ ಕೈಗೆ ಕೊಟ್ಟ.

ಕಾಟಯ್ಯ ಅದನ್ನು ತಿರುಗಿಸಿ ನೋಡಿ, “ಇದರಲ್ಲಿ ಹಲ್ಲಿಗೆ ಸಿಕ್ಕಿಕೊಂಡ ಅಡಿಕೆ ಕೀಳಬಹುದು” ಎಂದ.

ಪಾಲಕ್ಕ ಬಾಯಿಗೆ ಸೆರಗಿಟ್ಟು ನಕ್ಕಳು. ಆಮೇಲೆ ಅವಳೂ ನಗಲಿಲ್ಲ; ಮಾವಿನ ಮರ ಇಂದೋ ನಾಳೆಯೋ ಚಿಗುರುವಂತಿತ್ತು. ಉಳಿದದ್ದು ಒಂದೇ ಸೀಳು. ಕಾಟಯ್ಯ ಅದನ್ನೂ ಇಳಿಸಿ, ಸೂರನ ಎರಡು ಭುಜವನ್ನೂ ಹಿಡಿದು ಹೇಳಿದ, “ಕೇಳಿಸ್ಕೋ. ಇದೇ ಕಡೇದು. ಆತುರಬಿದ್ದು ಕೈ ಹಾಕಬೇಡ. ಒಂದೆಳೆ ಹೆರಿ. ಗೂಟಕ್ಕೆ ತಗುಲಿಸಿ ಎಳಿ. ದೂರ ನಿಂತ್ಕೊಂಡು, ಒಂದು ಕಣ್ಣು ಮುಚ್ಚಿ, ಎರಡು ಕಡೆಯೂ ಸಮ ಐತಾ ಅಂತ ನೋಡು. ಸಮ ಆದ ಕೂಡ್ಲೇ ಕೈ ತೆಗಿ. ಅರ್ಥ ಆಯ್ತೇನ್ಲಾ?”

“ಅರ್ಥ ಆಗಲಿಲ್ಲ ಮಾವ. ಆದ್ರೆ ಹಂಗೇ ಮಾಡ್ತೀನಿ.”

ಹಾಗೆಯೇ ಮಾಡಿದ! ಹೆದೆಗೆ ಕಲ್ಲು ಕಟ್ಟಿ ಇಳಿಬಿಟ್ಟು, ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದ. ಒಂದೆಳೆ ಹೆರೆದ. ಮತ್ತೆ ತಗುಲಿಸಿದ, ಮತ್ತೆ ದೂರ ನಿಂತ, ಮತ್ತೆ ಕಣ್ಣು ಮುಚ್ಚಿದ. ಜಾಣರು ಬಿಲ್ಲು ಕೆಡಿಸುವುದು ಕೊನೆಯಲ್ಲಿ. ಸಮನಾದ ಮೇಲೂ, ಇನ್ನೊಂದು ಎಳೆ ತೆಗೆದರೆ ಇನ್ನೂ ಚೆಂದವಾದೀತೆಂದು ಆಸೆಪಟ್ಟು ಕೆಡಿಸುತ್ತಾರೆ. ಸೂರನಿಗೆ ಅಂಥ ಆಸೆ ಹೊಳೆಯುವುದೇ ಇಲ್ಲ. ಸಮವಾಯಿತು, ಕೈ ತೆಗೆದ. ಬಾಚಿಯನ್ನು ಅಲ್ಲಿಯೇ ಬಿಟ್ಟು ಉಣ್ಣಲು ಹೋದ.

ಶಾಸ್ತ್ರದ ದಿನ ಬೆಳಿಗ್ಗೆ, ಹೆದೆ ಕಟ್ಟಿದ ಬಿಲ್ಲನ್ನು ಗೋಡೆಗೆ ಒರಗಿಸಿ ಗಾದ್ರವ್ವ ತಲೆ ಬಾಚಿಕೊಳ್ಳುತ್ತಿದ್ದಳು. ಮನೆಯ ಮೇಕೆ ಬಂದು ಕತ್ತಾಳೆ ನಾರಿನ ಹೆದೆಗೆ ಬಾಯಿ ಹಾಕಿತು. ಸೂರ ಕಂಡ. ಕಂಡು ದೂರ ಹೋಗಿ ನಿಂತ. ಒಂದು ಕಣ್ಣು ಮುಚ್ಚಿದ.

“ಅವ್ವಾ, ಮೇಕೆ ಹೆದೆ ತಿಂತಾ ಐತೆ! ಎಡಗಡೆ ಜಾಸ್ತಿ ತಿಂದೈತೆ! ಬಲಗಡೆ ತಿನ್ನಲಿ, ಸಮ ಆಗ್ಲಿ!”

ಗಾದ್ರವ್ವ ಬಿಚ್ಚಿದ ತಲೆಯಲ್ಲೇ ಓಡಿ ಬಂದಳು. “ಅಯ್ಯೋ ನನ್ನ ಸೂರಾ, ನಿನಗೆ ಹೇಳಿದ್ರೂ ಕಷ್ಟ, ಹೇಳದಿದ್ರೂ ಕಷ್ಟ!” ಎಂದು ಮೇಕೆಗೊಂದು, ಮಗನಿಗೊಂದು ಏಟು ಕೊಟ್ಟು, ತೊಡೆಯ ಮೇಲೆ ನಾರು ಹೊಸೆದು ಹೊಸ ಹೆದೆ ಮಾಡಿದಳು. “ಹೆದೆ ಕಟ್ಟಿ ಹಂಗೇ ಬಿಡಬಾರ್ದು. ಬಿಲ್ಲೂ ಸೊರಗ್ತದೆ, ಮೇಕೇನೂ ಬರ್ತದೆ. ಕಟ್ಟಬೇಕು, ಕೆಲಸ ಮುಗಿದ ಕೂಡ್ಲೇ ಬಿಚ್ಚಬೇಕು, ಎತ್ತರದ ಗೂಟಕ್ಕೆ ನೇತು ಹಾಕಬೇಕು.”

“ಆಗ್ಲಿ ಅವ್ವಾ, ಹಂಗೇ ಮಾಡ್ತೀನಿ.”

ಹಿರಿಯರು ಸೇರಿದರು. ಗುಡ್ಡದಾಚೆಯ ಮುದ್ದಯ್ಯನೂ ಮೀಸೆ ತಿರುವುತ್ತಾ ಬಂದು ಕುಳಿತ. ಬಿಲ್ಲನ್ನು ಗೂಟಕ್ಕೆ ತಗುಲಿಸಿದರು. ಪಾಲಕ್ಕ ಸೆರಗು ಸಿಕ್ಕಿಸಿ ಹೆದೆ ಹಿಡಿದಳು. ಗಾದ್ರವ್ವ ಕಣ್ಣು ಮುಚ್ಚಿಕೊಂಡಳು. ಪಾಲಕ್ಕ ಎಳೆದಳು. ಬಿಲ್ಲು ಒಮ್ಮೆ ಕಿರ್ರೆಂದಿತು. ಹಿರಿಯರು ಮುಂದಕ್ಕೆ ಬಾಗಿದರು. ಇನ್ನೂ ಎಳೆದಳು. ಎಡತೋಳು ಬಾಗಿತು, ಬಲತೋಳು ಬಾಗಿತು. ಹಾರುವ ಕೊಕ್ಕರೆಯ ಎರಡು ರೆಕ್ಕೆಗಳಂತೆ ಸಮಸಮನೆ ಬಾಗಿದವು.

ಹಿರಿಯರಲ್ಲಿ ಒಬ್ಬರೂ ಏಳಲಿಲ್ಲ. ಮುದ್ದಯ್ಯ ಎದ್ದು ಹೋದ.

“ತಂಗೀ, ಕಣ್ಣು ಬಿಡು,” ಎಂದ ಕಾಟಯ್ಯ. “ನನ್ನ ಮೊದಲನೇ ಬಿಲ್ಲೂ ಇಷ್ಟು ಸಮ ಇರಲಿಲ್ಲ.”

ಅಂದೇ ಚಪ್ಪರದ ಕೆಳಗೆ ಮದುವೆ. ಸೂರ ತಾಳಿ ಕಟ್ಟಿದ. ಅಕ್ಷತೆ ಬಿದ್ದಿತು, ಡೋಲು ಬಡಿಯಿತು. ಡೋಲು ನಿಂತಿತು. ಕೆಲಸ ಮುಗಿಯಿತಲ್ಲವೇ? ಸೂರ ತಾಳಿಯನ್ನು ಬಿಚ್ಚಿ, ಚಪ್ಪರದ ಗೂಟಕ್ಕೆ ಎತ್ತರದಲ್ಲಿ ನೇತು ಹಾಕಿದ!

“ಅಯ್ಯಯ್ಯೋ!” ಎಂದರು ಮುತ್ತೈದೆಯರು. “ಏನ್ಲಾ ಇದು!” ಎಂದರು ಹಿರಿಯರು.

“ಕಟ್ಟಿ ಹಂಗೇ ಬಿಟ್ರೆ ಸೊರಗ್ತಾಳೆ,” ಎಂದ ಸೂರ. “ಮೇಕೇನೂ ಬರ್ತದೆ.”

ಪಾಲಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಬಾ ಭಾವ, ಇನ್ನೊಂದು ಸಲ ಕಟ್ಟು. ಎರಡು ಸಲ ಕಟ್ಟಿಸ್ಕೊಂಡೋಳು ಹಟ್ಟೀಲಿ ನಾನೊಬ್ಬಳೇ ಆಗ್ಲಿ.”

ಗಾದ್ರವ್ವ ಮಗನ ಕಿವಿ ಹಿಂಡಿದಳು. “ಅಯ್ಯೋ ನನ್ನ ಸೂರಾ! ಹೆದೆ ಬೇರೆ, ಮದುವೆ ಬೇರೆ ಕಣ್ಲಾ! ಮದುವೆ ದಿನ ಹಾಕಿದ ಗಂಟನ್ನ ಜೀವ ಇರೋತನಕ ಬಿಚ್ಚಬಾರ್ದು!”

“ಆಗ್ಲಿ ಅವ್ವಾ, ಹಂಗೇ ಮಾಡ್ತೀನಿ.”

ಸೂರ ತಾಳಿಯನ್ನು ಮತ್ತೆ ಕಟ್ಟಿದ. ಮುತ್ತೈದೆಯರು ಅವನ ಶಲ್ಯದ ತುದಿಗೂ ಪಾಲಕ್ಕನ ಸೆರಗಿಗೂ ಗಂಟು ಹಾಕಿದರು. ಊಟವಾಯಿತು, ಎಲೆ ಎತ್ತಿದರು, ನೆಂಟರು ಹೊರಟರು. ಗಂಟು ಬಿಚ್ಚಲು ಒಬ್ಬ ಮುತ್ತೈದೆ ಬಂದಳು. ಸೂರ ಗಂಟನ್ನು ಎರಡು ಕೈಯಲ್ಲಿಯೂ ಅವುಚಿಕೊಂಡ.

“ಬಿಚ್ಚಬಾರ್ದು! ಅವ್ವ ಹೇಳವ್ಳೆ!”

ಬಿಚ್ಚಲೇ ಇಲ್ಲ. ಪಾಲಕ್ಕ ನೀರಿಗೆ ಹೊರಟರೆ ಹಿಂದೆಯೇ ಸೂರ. ಸೂರ ಮರ ಕಡಿಯಲು ಹೊರಟರೆ ಹಿಂದೆಯೇ ಪಾಲಕ್ಕ. ಸೀರೆ ಬದಲಾಯಿತು, ಶಲ್ಯ ಬದಲಾಯಿತು. ಹೊಸದಕ್ಕೂ ಸೂರ ಹಾಗೆಯೇ ಗಂಟು ಹಾಕಿದ. ಬಿಲ್ಲು ಹೆರೆದು ದೂರ ನಿಂತು ನೋಡಲು ಹೋದರೆ, ಹೆಂಡತಿಯೂ ಜೊತೆಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಬೇಕು.

ಗಾದ್ರವ್ವ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದಳು, “ಅವನಿಗಂತೂ ಬುದ್ಧಿಯಿಲ್ಲ. ಮಲಗಿದ್ದಾಗ ನೀನಾದ್ರೂ ಬಿಚ್ಚೋದಲ್ವೇನವ್ವ?”

“ನಾನ್ಯಾಕೆ ಬಿಚ್ಚಲಿ ಅತ್ತೆ?” ಎಂದಳು ಪಾಲಕ್ಕ. “ನೀವೇ ಹೇಳಿದ್ದಲ್ವಾ?”

ಗಾದ್ರವ್ವ ಅಣ್ಣನಿಗೆ ದೂರು ಕೊಟ್ಟಳು. ಕಾಟಯ್ಯ ಬಂದು ಹಟ್ಟಿಯ ಬಾಗಿಲಲ್ಲಿ ನಿಂತ. ದೂರದ ದಾರಿಯಲ್ಲಿ ಇಬ್ಬರೂ ಬರುತ್ತಿದ್ದರು. ನಡುವೆ ಗಂಟು, ಸೂರನ ಹೆಗಲಮೇಲೊಂದು ಕೊಡ, ಪಾಲಕ್ಕನ ಸೊಂಟದಲ್ಲೊಂದು ಕೊಡ. ಅವನು ಅತ್ತ ಬಾಗಿದ್ದ, ಅವಳು ಇತ್ತ ಬಾಗಿದ್ದಳು. ಕಾಟಯ್ಯ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

“ಸಮ ಐತೆ ತಂಗೀ,” ಎಂದ. “ಇನ್ನು ಯಾರೂ ಕೈ ಹಾಕಬೇಡಿ.”

ಕತೆ ಇಷ್ಟೇ. ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.