ಸಾವೇರಿಯ ಕಿವಿ

"ಗುರುಗಳೇ, ನಾಳೆಯಿಂದ ನಾನು ಊರೂರು ತಿರುಗಿ ಪಾಠ ಹೇಳಬೇಕು. ಯಾರಾದರೂ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡಲಿ?"

ಕೇಳಿದವನು ವಿರೂಪಾಕ್ಷ, ಆಶ್ರಮದ ಹಿರಿಯ ಶಿಷ್ಯ. ಗುರುಗಳು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಗೊತ್ತಿಲ್ಲ ಎನ್ನು."

"ಹಾಗೆಂದರೆ ಜನ ಎದ್ದು ಹೋಗುವುದಿಲ್ಲವೇ? ಗೊತ್ತಿರುವವನ ಹಾಗೆ ಗಂಭೀರವಾಗಿ ಕುಳಿತುಬಿಟ್ಟರೆ ಆ ಹೊತ್ತು ದಾಟುವುದಿಲ್ಲವೇ?"

"ದಾಟುತ್ತದೆ," ಎಂದರು ಗುರುಗಳು. "ಹಾಗೆ ಎರಡು ವರ್ಷ ದಾಟಿಸಿದ ಒಬ್ಬ ವೈಣಿಕನಿದ್ದ. ಕೂತುಕೋ, ಹೇಳುತ್ತೇನೆ. ಕೈ ಯಾಕೆ ಸುಮ್ಮನಿರಬೇಕು, ಕಾಯಿ ಸುಲಿ."

ಹೀಗೆಂದು ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವೈಣಿಕನಿದ್ದ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಒಂದು ವೀಣೆ, ಒಂದು ಬೆಕ್ಕು, ಪಾಠಕ್ಕೆ ಬರುವ ಏಳೆಂಟು ಜನ, ಇಷ್ಟೇ ಅವನ ಸಂಸಾರ. ಬೆಕ್ಕಿಗೆ ರಾಗದ ಹೆಸರಿಟ್ಟು ಸಾವೇರಿ ಎಂದು ಕರೆಯುತ್ತಿದ್ದ. ಪಾಠದ ಹೊತ್ತಿಗೆ ಸಾವೇರಿ ಶಿಷ್ಯರ ಎದುರಿಗೆ ಬಂದು ಕೂರುತ್ತಿತ್ತು. ಯಾರಾದರೂ ಅಪಸ್ವರ ನುಡಿಸಿದರೆ ಕಿವಿ ಹಿಂದಕ್ಕೆ ಮಡಚಿ, ಎದ್ದು, ಅಡಿಗೆಮನೆಗೆ ಹೋಗಿಬಿಡುತ್ತಿತ್ತು. ಅದಕ್ಕೆ ಸಂಗೀತ ಬರುತ್ತಿತ್ತೆಂದು ನಾನು ಹೇಳಲಾರೆ. ಆ ಕಿರಕಿರಿ ತಾಳಲಾರದೆ ಹೋಗುತ್ತಿತ್ತು, ಅಷ್ಟೆ.

ಅರವತ್ತು ದಾಟಿದ ಮೇಲೆ ವೈಣಿಕನ ಕಿವಿ ಮಂದವಾಯಿತು. ಮೊದಲು ಬೆಳಗಿನ ಗುಬ್ಬಿಗಳ ಸದ್ದು ನಿಂತಿತು. ಗುಬ್ಬಿಗಳು ಊರು ಬಿಟ್ಟವು ಎಂದುಕೊಂಡ. ಆಮೇಲೆ ಹಾಲಿನವಳ ಕೂಗು ನಿಂತಿತು. ಅವಳು ಸೋಮಾರಿಯಾದಳೆಂದು ಬೈದುಕೊಂಡ. ಕೊನೆಗೊಂದು ದಿನ ಅವನ ಸ್ವಂತ ವೀಣೆಯ ತಾರಸ್ಥಾಯಿಯೇ ನಿಂತುಹೋಯಿತು. ತಂತಿ ನಡುಗುವುದು ಕಾಣುತ್ತಿದೆ, ಸ್ವರವಿಲ್ಲ. ಈ ಸಲ ಬೈಯಲು ಯಾರೂ ಸಿಗಲಿಲ್ಲ.

ಅವನು ಹೆದರಿದ. ಕಿವಿ ಕೇಳದವನ ಹತ್ತಿರ ವೀಣೆ ಕಲಿಯಲು ಯಾರು ಬರುತ್ತಾರೆ? ನಲವತ್ತು ವರ್ಷದಿಂದ ಪೇಟೆಯವರು ಅವನನ್ನು ಕಂಡರೆ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಇನ್ನು ಮೇಲೆ ಅಯ್ಯೋ ಪಾಪ ಎನ್ನುತ್ತಾರೆ. ಅದನ್ನು ನೆನೆದು ಅವನಿಗೆ ಅನ್ನ ಸೇರಲಿಲ್ಲ. ಯಾರಿಗೂ ಹೇಳಲಿಲ್ಲ. ಬೆಕ್ಕನ್ನು ನೋಡತೊಡಗಿದ.

ಬೆಕ್ಕಿನ ಕಿವಿ ಬಾಗಿಲ ಕಡೆ ತಿರುಗಿದರೆ ಯಾರೋ ಬಂದರೆಂದು ಅರ್ಥ. ಅವರು ಕದ ತಟ್ಟುವ ಮೊದಲೇ ಇವನು ಒಳಗಿನಿಂದ "ಬನ್ನಿ, ಬನ್ನಿ" ಎನ್ನುತ್ತಿದ್ದ. ಬೆಕ್ಕು ಎದ್ದು ಅಡಿಗೆಮನೆಗೆ ಹೊರಟರೆ ಅಪಸ್ವರವೆಂದು ಅರ್ಥ. ಇವನು ಬೆರಳೆತ್ತಿ "ತಪ್ಪಿತು, ಮತ್ತೊಮ್ಮೆ" ಎನ್ನುತ್ತಿದ್ದ. ಎದುರಿಗೆ ಕುಳಿತು ಮಾತಾಡುವವರ ತುಟಿ ನೋಡಿ ಅರ್ಧ, ಊಹಿಸಿ ಅರ್ಧ ತಿಳಿದುಕೊಳ್ಳುತ್ತಿದ್ದ. ಈ ವಯಸ್ಸಿನಲ್ಲಿ ಏನು ಕಿವಿ ಇವರದು ಎಂದು ಪೇಟೆಯವರು ಬೆರಗಾದರು. ಅವನ ಹೆಸರು ಮೊದಲಿಗಿಂತ ಹೆಚ್ಚಾಯಿತು.

ಹೀಗೆ ಕೆಲವು ಕಾಲ ನಡೆಯಿತು. ಅಷ್ಟರಲ್ಲಿ ಸಾವೇರಿಗೂ ವಯಸ್ಸಾಯಿತು.

ಅದು ಈಗ ಪಾಠದ ನಡುವೆ ಏಳುವುದನ್ನು ಬಿಟ್ಟಿತು. ಯಾರು ಏನು ನುಡಿಸಿದರೂ ಕದಲದೆ ಕುಳಿತಿರುತ್ತಿತ್ತು. ವೈಣಿಕನ ಎದೆ ತುಂಬಿ ಬಂತು. ನಲವತ್ತು ವರ್ಷದ ದುಡಿಮೆ ಈಗ ಫಲ ಕೊಟ್ಟಿತು, ನನ್ನ ಶಿಷ್ಯರಲ್ಲಿ ಅಪಸ್ವರ ನುಡಿಸುವವರು ಒಬ್ಬರೂ ಇಲ್ಲ ಎಂದುಕೊಂಡ. ಎಲ್ಲರನ್ನೂ ಒಂದೊಂದು ಮೆಟ್ಟಿಲು ಮೇಲೆ ಹತ್ತಿಸಿದ.

ಆದರೆ ಮನೆಗೆ ಬರುವವರು ಕಡಿಮೆಯಾದರು. ಬಂದವರು ಕದ ತಟ್ಟಿ ತಟ್ಟಿ ಹಿಂದಿರುಗುತ್ತಿದ್ದರು. ಹಾಲಿನವಳು ಹೊಸ್ತಿಲಲ್ಲಿ ಇಟ್ಟುಹೋದ ಹಾಲನ್ನು ಬೀದಿನಾಯಿ ಕುಡಿಯುತ್ತಿತ್ತು. ಇನ್ನು ಸಾವೇರಿ, ತನ್ನ ದನಿ ತನಗೇ ಕೇಳದ್ದರಿಂದ, ಮಧ್ಯಾಹ್ನ ಅಂಗಳದಲ್ಲಿ ನಿಂತು ಬೀದಿಯ ಕೊನೆಯವರೆಗೆ ಕೇಳುವ ಹಾಗೆ ಅರಚುತ್ತಿತ್ತು. ವೈಣಿಕರು ಹಾಡುವುದನ್ನೂ ಕಲಿಸಲು ಶುರು ಮಾಡಿದ್ದಾರೆ, ಆ ಶಿಷ್ಯನಿಗೆ ಮಾತ್ರ ವಿದ್ಯೆ ಹತ್ತುವುದಿಲ್ಲ ಎಂದು ನೆರೆಯವರು ಮಾತಾಡಿಕೊಂಡರು. ಒಂದು ಸಲ ಸಾವೇರಿ ಜಟಕಾ ಗಾಡಿಯ ಚಕ್ರಕ್ಕೆ ಕೂದಲೆಳೆಯ ಅಂತರದಲ್ಲಿ ಸಿಗದೆ ಉಳಿಯಿತು. ಗಾಡಿಯವನು ಕೂಗಿದ್ದು ಅದಕ್ಕೂ ಕೇಳಲಿಲ್ಲ, ಜಗಲಿಯಲ್ಲಿದ್ದ ಇವನಿಗೂ ಕೇಳಲಿಲ್ಲ. ಸಾವೇರಿಗೆ ಮುಪ್ಪಿನಲ್ಲಿ ಧೈರ್ಯ ಬಂದಿದೆ ಎಂದು ಇವನು ಮೆಚ್ಚಿಕೊಂಡ.

ಅವನ ಶಿಷ್ಯರಲ್ಲಿ ಅಂಬುಜಾಕ್ಷಿ ಎಂಬ ಹೆಂಗಸಿದ್ದಳು, ಜವಳಿ ವ್ಯಾಪಾರಿಯ ಹೆಂಡತಿ. ಐವತ್ತರ ಹತ್ತಿರದವಳು. ಆಸೆ ಬಹಳ, ಶ್ರುತಿಜ್ಞಾನ ಸೊನ್ನೆ. ಆರು ವರ್ಷ ಅವಳು ಮೊದಲನೆಯ ಪಾಠವನ್ನೇ ನುಡಿಸಿದಳು. ಅವಳು ವೀಣೆಗೆ ಕೈಹಚ್ಚಿದರೆ ಸಾಕು, ಸಾವೇರಿ ಅಡಿಗೆಮನೆ ಸೇರುತ್ತಿತ್ತು. ಈಗ ಅದು ಅವಳ ಮುಂದೆಯೇ ಮೈಚಾಚಿ ಮಲಗುತ್ತಿತ್ತು. ವೈಣಿಕ ಅವಳಿಗೆ ಒಂದೇ ವರ್ಷದಲ್ಲಿ ಹನ್ನೆರಡು ಕೀರ್ತನೆ ಕಲಿಸಿದ. ಅಷ್ಟು ಸಾಲದೆಂದು ರಾಮನವಮಿಯ ಚಪ್ಪರದಲ್ಲಿ ಅವಳ ಕಚೇರಿಯನ್ನೂ ಗೊತ್ತುಮಾಡಿದ.

"ಗುರುಗಳೇ, ನಾನು ನುಡಿಸುವುದು ನನಗೇ ಸರಿಯೆನಿಸುತ್ತಿಲ್ಲ," ಎಂದಳು ಅಂಬುಜಾಕ್ಷಿ.

"ವಿನಯ ಒಳ್ಳೆಯದು. ಆದರೆ ಅತಿ ಮಾಡಬೇಡಿ," ಎಂದ ವೈಣಿಕ.

ಕಚೇರಿಗೆ ಒಂದು ವಾರವಿತ್ತು. ಆ ಬೆಳಿಗ್ಗೆ ಅಂಬುಜಾಕ್ಷಿ ನುಡಿಸುತ್ತಿದ್ದಳು. ಸಾವೇರಿ ಅವಳ ಮುಂದೆ ನಿದ್ದೆ ಹೋಗಿತ್ತು. ವೈಣಿಕ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು. ಅವಳು ಬಾಯಿ ತೆರೆದು ಅವನನ್ನೂ ಬೆಕ್ಕನ್ನೂ ನೋಡಿದಳು. ಅವನು ಬೆಕ್ಕನ್ನು ನೋಡಿದ. ಬೆಕ್ಕು ಮಲಗಿಯೇ ಇತ್ತು.

"ಸರಿಯಾಗಿದೆ, ಮುಂದುವರಿಸಿ," ಎಂದ.

ಆಗ ಬಾಗಿಲು ತೆರೆದುಕೊಂಡಿತು. ಬೀದಿಯ ಮೂರು ಜನ ಒಳಗೆ ನುಗ್ಗಿದರು. ಅವರ ಕಾಲಿನ ಅದುರು ನೆಲಕ್ಕೆ ತಾಕಿದಾಗ ಸಾವೇರಿ ಎಚ್ಚರವಾಗಿ, ಅಷ್ಟು ಜನರನ್ನು ಕಂಡು ಚೀರಿ, ವೈಣಿಕನ ಹೆಗಲು ಹತ್ತಿತು. ಅವನು ಬೆಚ್ಚಿ ಸುತ್ತ ನೋಡಿದ. ಹಿಂಬಾಗಿಲಾಚೆಯ ಅಂಗಳದಲ್ಲಿ ದೊಡ್ಡ ಹಿತ್ತಾಳೆಯ ಖಾಲಿ ಕೊಳಗ ಅಟ್ಟಣಿಗೆಯಿಂದ ಕಲ್ಲುಹಾಸಿನ ಮೇಲೆ ಬಿದ್ದಿತ್ತು. ಇನ್ನೂ ಉರುಳುತ್ತಲೇ ಇತ್ತು. ಅವನಿಗೆ ಒಂದು ಚೂರು ಸದ್ದಿಲ್ಲ.

"ಏನಿಲ್ಲ, ಕೊಳಗ ಬಿತ್ತು. ನೀವು ಹೋಗಿ," ಎಂದು ಅಂಬುಜಾಕ್ಷಿ ಬಂದವರನ್ನು ಕಳಿಸಿದಳು. ಬಾಗಿಲು ಮುಚ್ಚಿ ಬಂದು ಅವನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕುಳಿತಳು.

"ಬೆಕ್ಕಿಗೆ ಕಿವಿ ಕೇಳಿಸುವುದಿಲ್ಲ," ಎಂದಳು.

ವೈಣಿಕ ಹೆಗಲ ಮೇಲೆ ಇನ್ನೂ ನಡುಗುತ್ತಿದ್ದ ಸಾವೇರಿಯನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡ. "ಪಾಪ, ವಯಸ್ಸಾಯಿತು," ಎಂದ.

"ಎಷ್ಟು ದಿನದಿಂದ ಹೀಗೆ?"

ಅವನು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಲೆಕ್ಕ ಹಾಕಿದ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನೀವು ಸರಿಯಾಗಿ ನುಡಿಸಲು ಶುರು ಮಾಡಿದಾಗಿನಿಂದ," ಎಂದ.

ಅಂಬುಜಾಕ್ಷಿ ನಗಲು ಶುರು ಮಾಡಿದವಳು ಸೆರಗಿನಿಂದ ಕಣ್ಣೊರೆಸಿಕೊಂಡರೂ ನಿಲ್ಲಿಸಲಾರದೆ ಹೋದಳು. ವೈಣಿಕನಿಗೆ ಅವಳ ನಗು ಕೇಳಲಿಲ್ಲ, ಆದರೆ ಅವಳ ಹೆಗಲು ಕುಣಿಯುವುದು ಕಂಡಿತು. ಸ್ವಲ್ಪ ಹೊತ್ತಿಗೆ ಅವನಿಗೂ ನಗು ಬಂತು. ಕಚೇರಿ ಅಲ್ಲಿಗೇ ನಿಂತಿತು.

ಅವನಿಗೂ ಕೇಳಿಸುವುದಿಲ್ಲ ಎಂಬ ಮಾತನ್ನು ಅವಳು ಎತ್ತಲಿಲ್ಲ. ಬೆಕ್ಕಿನ ಮಾತನ್ನೇ ಆಡಿದಳು. ಅವಳ ಅತ್ತೆಗೆ ಕಿವಿ ಹೋಗಿ ಎಂಟು ವರ್ಷವಾಗಿತ್ತು, ಹಾಗಾಗಿ ಇಂಥ ವಿಷಯ ಅವಳಿಗೆ ಗೊತ್ತಿತ್ತು. "ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆಚ್ಚುತ್ತದೆ. ಎದುರಿನಿಂದ ಬನ್ನಿ. ದೂರದಿಂದ ಕರೆಯಬೇಕಾದರೆ ಕಾಲಿನಿಂದ ನೆಲ ಗುದ್ದಿ. ಊಟಕ್ಕೆ ಒಂದು ಕೈಸನ್ನೆ ಇಟ್ಟುಕೊಳ್ಳಿ. ಬೀದಿಗೆ ಮಾತ್ರ ಬಿಡಬೇಡಿ," ಎಂದಳು.

ವೈಣಿಕ ಹಾಗೆಯೇ ಮಾಡಿದ. ಮುದಿ ಸಾವೇರಿ ಹಾರಿ ದಾಟಲಾಗದ ಹಾಗೆ ಬೀದಿ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಕಟ್ಟಿಸಿದ. ಹಲಗೆ ದಾಟುವಾಗ ಮೊದಲ ದಿನ ತಾನೇ ಎಡವಿ ಬಿದ್ದ. ಅನ್ನ ಹಾಕುವ ಮುಂಚೆ ಅಂಗೈ ಎತ್ತಿ ತೋರಿಸಿದ. ಸಾವೇರಿ ನಾಲ್ಕು ದಿನದಲ್ಲಿ ಕಲಿತುಕೊಂಡಿತು. ಐದನೆಯ ದಿನ ಶಿಷ್ಯರೊಬ್ಬರಿಗೆ ಆಶೀರ್ವಾದ ಮಾಡಲು ಕೈಯೆತ್ತಿದಾಗ ಊಟಕ್ಕೆಂದು ಬಂದು ಕುಳಿತಿತು.

ಅಂಬುಜಾಕ್ಷಿ ಉಳಿದ ಶಿಷ್ಯರಿಗೂ ತಿಳಿಸಿದಳು. "ಬೆಕ್ಕಿಗೆ ಕಿವಿ ಕೇಳಿಸುವುದಿಲ್ಲ. ಇನ್ನು ಮೇಲೆ ಒಳಗೆ ಬರುವಾಗ ಹೊಸ್ತಿಲ ಮೇಲೆ ಎರಡು ಸಲ ಜೋರಾಗಿ ಕಾಲು ಅಪ್ಪಳಿಸಿ. ಮಾತಾಡುವಾಗ ಎದುರಿಗೆ ಕುಳಿತು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿ. ಬೆಕ್ಕಿಗೋಸ್ಕರ." ಬೆಕ್ಕು ಯಾವಾಗ ತುಟಿ ನೋಡಿ ಮಾತು ತಿಳಿದುಕೊಂಡಿತು ಎಂದು ಶಿಷ್ಯರು ಯಾರೂ ಕೇಳಲಿಲ್ಲ. ಎಲ್ಲರೂ ಕಾಲು ಅಪ್ಪಳಿಸಿ ಬಂದರು. ಎದುರಿಗೆ ಕುಳಿತು ನಿಧಾನವಾಗಿ ಮಾತಾಡಿದರು. ಹಾಲಿನವಳು ಕೂಡ ನೆಲ ಗುದ್ದಿ ಹಾಲು ಕೊಟ್ಟಳು. ಎಷ್ಟೋ ದಿನಗಳ ಮೇಲೆ ವೈಣಿಕನಿಗೆ ಬಿಸಿ ಹಾಲು ಸಿಕ್ಕಿತು. ಎಲ್ಲವೂ ಬೆಕ್ಕಿನ ಹೆಸರಿನಲ್ಲಿ. ಯಾರೂ ಅವನನ್ನು ಅಯ್ಯೋ ಪಾಪ ಎನ್ನಲಿಲ್ಲ.

ಅಷ್ಟರಲ್ಲಿ ಸಾವೇರಿ ಇನ್ನೊಂದು ಅಭ್ಯಾಸ ಮಾಡಿಕೊಂಡಿತು. ವೀಣೆ ನುಡಿಯುತ್ತಿರುವಾಗ ಬಂದು ಅದರ ಕೊಡಕ್ಕೆ ಕೆನ್ನೆ ಒತ್ತಿ ಕೂರುತ್ತಿತ್ತು. ಮರದ ನಡುಕ ಅದಕ್ಕೆ ಹಿತವಾಗಿತ್ತು. ವೈಣಿಕ ಅದನ್ನು ಬಹಳ ಹೊತ್ತು ನೋಡಿದ. ಒಂದು ದಿನ ಯಾರೂ ಇಲ್ಲದಾಗ ತಾನೂ ಬಗ್ಗಿ ಮರಕ್ಕೆ ಕೆನ್ನೆ ಕೊಟ್ಟು ತಂತಿ ಮೀಟಿದ. ಸ್ವರ ಕಿವಿಗೆ ಬರಲಿಲ್ಲ, ಮೂಳೆಗೆ ಬಂತು. ಅವನು ಹಾಗೆಯೇ ಬಗ್ಗಿಕೊಂಡು ಅತ್ತ.

ಅದಾದ ಕೆಲವು ದಿನಕ್ಕೆ ಒಬ್ಬ ಶಾನುಭೋಗ ಹೊಸದಾಗಿ ಪಾಠಕ್ಕೆ ಸೇರಿದ. ಮೊದಲ ಪಾಠ ನುಡಿಸಿ ಮುಗಿಸಿ, "ಗುರುಗಳೇ, ಸ್ವರ ಸರಿಯಿತ್ತೇ?" ಎಂದು ಕೇಳಿದ. ಶಿಷ್ಯರೆಲ್ಲ ಅಲ್ಲೇ ಇದ್ದರು. ಅಂಬುಜಾಕ್ಷಿ ತಲೆ ತಗ್ಗಿಸಿದಳು. ವೈಣಿಕನ ಕಣ್ಣು ಹಳೆಯ ಚಾಳಿಯಂತೆ ಬೆಕ್ಕಿನ ಕಡೆ ಹೋಯಿತು. ಬೆಕ್ಕು ಮೈ ನೆಕ್ಕಿಕೊಳ್ಳುತ್ತಿತ್ತು.

"ನನಗೆ ಕೇಳಿಸಲಿಲ್ಲ," ಎಂದ ವೈಣಿಕ.

ಶಾನುಭೋಗ ಮತ್ತೆ ನುಡಿಸಲು ಕೈಯೆತ್ತಿದ, ವೈಣಿಕ ತಡೆದ.

"ನನಗೆ ಕೇಳಿಸುವುದಿಲ್ಲ. ಬೆಕ್ಕಿಗಿಂತ ಮೊದಲೇ ನನ್ನ ಕಿವಿ ಹೋಯಿತು. ವೀಣೆಯನ್ನು ಈ ಕಡೆ ಸರಿಸಿ. ನಾನು ಮರ ಮುಟ್ಟಿ ನೋಡುತ್ತೇನೆ, ನೀವು ಮತ್ತೆ ನುಡಿಸಿ."

ಶಾನುಭೋಗ ನುಡಿಸಿದ. ವೈಣಿಕ ಅಂಗೈಯನ್ನು ಮರದ ಮೇಲಿಟ್ಟು, ಅವನ ಬೆರಳುಗಳನ್ನು ನೋಡುತ್ತ ಕುಳಿತ. ನಾಲ್ಕನೆಯ ಸ್ವರಕ್ಕೆ ಅವನ ಕೈ ಹಿಡಿದು ನಿಲ್ಲಿಸಿದ. "ಇಲ್ಲಿ ತಂತಿ ಎಳೆಯುವುದು ಒಂದು ಭತ್ತದ ಕಾಳಿನಷ್ಟು ಕಡಿಮೆಯಾಯಿತು," ಎಂದ. ಹಾಗೆ ಅವನು ಹಿಂದೆಂದೂ ಕಲಿಸಿರಲಿಲ್ಲ. ಕಿವಿಯಿದ್ದ ಕಾಲದಲ್ಲಿ ತಪ್ಪಿತು ಎನ್ನುತ್ತಿದ್ದ, ಎಲ್ಲಿ ತಪ್ಪಿತು ಎನ್ನುತ್ತಿರಲಿಲ್ಲ.

ಆ ವಾರ ಇಬ್ಬರು ಶಿಷ್ಯರು ಪಾಠ ಬಿಟ್ಟರು. ಉಳಿದವರು ಉಳಿದರು. ಅಂಬುಜಾಕ್ಷಿಯನ್ನು ವೈಣಿಕ ಹನ್ನೆರಡು ಕೀರ್ತನೆಗಳಿಂದ ಇಳಿಸಿ ಮತ್ತೆ ಮೊದಲನೆಯ ಪಾಠಕ್ಕೆ ತಂದು ಕೂರಿಸಿದ. ಅವಳು ಮನೆಗೆ ಹೋಗಿ ಪಾಯಸ ಮಾಡಿ ಹಂಚಿದಳಂತೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ವಿರೂಪಾಕ್ಷ ನಿಧಾನವಾಗಿ, ಗಂಭೀರವಾಗಿ ತಲೆಯಾಡಿಸಿದ. "ಅರ್ಥವಾಯಿತು ಗುರುಗಳೇ. ಪೂರ್ತಿ ಅರ್ಥವಾಯಿತು."

ಗುರುಗಳು ಅವನ ಮುಖವನ್ನೇ ನೋಡಿದರು.

"ನೀನು ಹೀಗೆ ತಲೆಯಾಡಿಸುವುದನ್ನು ನೋಡಿಕೊಂಡೇ ಅಲ್ಲವೇ ವಿರೂಪಾಕ್ಷ, ಇಷ್ಟು ವರ್ಷ ನಾನು ಪಾಠ ಮುಂದುವರಿಸಿದ್ದು."