ಬೆಣ್ಣೆ ಇಳಿಸಿದ ಬೆಳಗು

ಹೊಳೆಯ ದಂಡೆಯ ಆ ಪುಟ್ಟ ಆಶ್ರಮದಲ್ಲಿ ಹನುಮಂತದೇವರ ಸನ್ನಿಧಿಯಿತ್ತು. ಗರ್ಭಗುಡಿಗೆ ಕಾಲಿಡುವವರು ಅಂಗಿ ಕಳಚಿಯೇ ಹೋಗಬೇಕು. ಅಲ್ಲಿನ ಪದ್ಧತಿ ಅದು.

ಶಿಷ್ಯ ವಾದಿರಾಜ ಮಾತ್ರ ಎಂಟು ತಿಂಗಳಿಂದ ಹೊಸ್ತಿಲ ಹೊರಗೇ ನಿಂತು ಕೈಮುಗಿಯುತ್ತಿದ್ದ.

ಮೊದಲು ಅವನದು ಭಾರೀ ದೇಹ. ತೂಕ ಇಳಿಸಲೆಂದು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಮೇಲೆ ಅರ್ಧಕ್ಕರ್ಧ ಇಳಿದಿದ್ದ. ಚರ್ಮ ಮಾತ್ರ ಹಾಗೇ ಉಳಿದಿತ್ತು. ಎದೆಯಿಂದ, ತೋಳಿನಿಂದ, ಹೊಟ್ಟೆಯಿಂದ ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ಹೊಳೆಯಲ್ಲೂ ಅವನು ಅಂಗಿ ತೊಟ್ಟೇ ಮುಳುಗುತ್ತಿದ್ದ.

ಸ್ವಾಮಿ ಯಾರನ್ನು ಯಾವಾಗ ಒಳಗೆ ಕರೆಸಿಕೊಳ್ಳುತ್ತಾನೋ ಅವನಿಗೇ ಗೊತ್ತು.

ಒಂದು ಶನಿವಾರ ದೇವರಿಗೆ ಬೆಣ್ಣೆ ಅಲಂಕಾರವಾಯಿತು. ಮರುದಿನ ಬೆಳಿಗ್ಗೆ ವೃದ್ಧ ಗುರುಗಳು ಕೂಗಿದರು.

"ವಾದಿರಾಜ, ನನ್ನ ಕೈ ನಡುಗುತ್ತೆ. ಬಿಸಿಲೇರೋದರೊಳಗೆ ಬೆಣ್ಣೆ ಇಳಿಸಬೇಕು. ಬಾ."

ಈ ಸೇವೆಗಾಗಿಯೇ ಅವನು ಹಂಬಲಿಸಿದ್ದ. ಆದರೂ ಕೈ ಅಂಗಿಯ ಗುಂಡಿಯ ಮೇಲೇ ನಿಂತಿತು.

"ಬೇರೆ ಯಾರನ್ನಾದರೂ ಕರೀರಿ ಗುರುಗಳೇ. ದಪ್ಪ ಇದ್ದಾಗ ನಗೋರು. ಈಗ ಏನು ಕಾಯಿಲೆ ಅಂತ ಕೇಳ್ತಾರೆ. ನನಗೆ ಸಾಕಾಗಿಹೋಗಿದೆ."

"ಒಳಗೆ ನಾನು, ದೇವರು, ಇಬ್ಬರೇ ಇರೋದು. ನನಗೆ ಕಣ್ಣು ಮಂಜು."

"ದೇವರಿಗೆ ಕಾಣುತ್ತಲ್ಲ!"

"ಅವನ ಕಣ್ಣಿಗೆಲ್ಲ ಬೆಣ್ಣೆ ಮೆತ್ತಿದೆ. ಬೇಗ ಬಾರೋ."

ಎಷ್ಟೋ ದಿನದ ಮೇಲೆ ವಾದಿರಾಜನಿಗೆ ನಗು ಬಂತು. ಅಂಗಿ ಕಳಚಿದ. ಬಾಗಿಲಲ್ಲಿ ಮೈ ಅಡ್ಡ ತಿರುಗಿಸಿ ನುಸುಳಿದ.

ಗುರುಗಳ ಮಂಜುಗಣ್ಣಿಗೂ ಅದು ಕಂಡಿತು.

"ಯಾರಿಗೆ ದಾರಿ ಬಿಡ್ತಿದ್ದೀಯೋ?"

ವಾದಿರಾಜ ಬಾಗಿಲನ್ನು ನೋಡಿದ. ಇಬ್ಬರು ಸಲೀಸಾಗಿ ದಾಟಬಹುದಿತ್ತು.

"ಹಳೇ ಅಭ್ಯಾಸ" ಎಂದ, ಸೋತ ದನಿಯಲ್ಲಿ.

ಬೆಣ್ಣೆಯ ಹನುಮಂತ ಪೈಲ್ವಾನನ ಹಾಗೆ ಎದೆಯುಬ್ಬಿಸಿ ನಿಂತಿದ್ದ. ವಾದಿರಾಜ ಮೆಲ್ಲಗೆ ತೋಳು ಬಿಡಿಸಿದ, ತೊಡೆ ಬಿಡಿಸಿದ, ಎದೆ ಬಿಡಿಸಿದ. ಪರಾತ ತುಂಬಿತು. ಬಿಸಿನೀರು ಸುರಿದು ತೊಳೆದ.

ಒಳಗಿದ್ದದ್ದು ಒಂದು ಸಣ್ಣ ಕಲ್ಲು. ತಲೆತಲಾಂತರದ ಅಭಿಷೇಕಕ್ಕೆ ಮೂಗು ಸವೆದಿತ್ತು. ಎದೆಯ ಮೇಲೆ ಉದ್ದಕ್ಕೆ ಒಂದು ಬಿರುಕು.

ಹೊರಗೆ ಭಕ್ತರ ಮಾತು ಕೇಳಿಸಿತು. ವಾದಿರಾಜ ಗಾಬರಿಯಿಂದ ರೇಷ್ಮೆ ವಸ್ತ್ರ ಎತ್ತಿಕೊಂಡ.

"ಜನ ಬಂದರು ಗುರುಗಳೇ. ಸ್ವಾಮೀನ ಹೀಗೆ ನೋಡಬಾರದು. ಬೇಗ ಹೊದಿಸಿಬಿಡ್ತೀನಿ."

ಗುರುಗಳ ನಡುಗುವ ಕೈ ಅವನ ಜೋಲುವ ತೋಳಿನ ಮೇಲೆ ಕೂತಿತು.

"ಇರಲಿ ಬಿಡೋ. ರಾತ್ರಿಯೆಲ್ಲ ಅಷ್ಟು ಭಾರ ಹೊತ್ತು ನಿಂತಿದ್ದಾನೆ. ಸ್ವಲ್ಪ ಮೈಗೆ ಗಾಳಿ ಆಡಲಿ. ನೀನೂ ಹಾಗೇ ಕೂತ್ಕೋ."