ಜಟ್ಟೆಪ್ಪ ಗ್ಯಾಸ್ ಸೋರುವ ಜಾಗ ಹುಡುಕಿದ್ದು

ಬುದ್ಧಿ ಹಂಚುವಾಗ ದೇವರು ಜಟ್ಟೆಪ್ಪನಿಗೆ ‘ಪಾಳಿಯಲ್ಲಿ ನಿಲ್ಲು’ ಅಂದನಂತೆ. ಜಟ್ಟೆಪ್ಪ ನಿಂತ. ‘ನಿನ್ನ ಪಾಳಿ ಬಂತು, ಮುಂದೆ ಬಾ’ ಅನ್ನುವುದನ್ನು ದೇವರು ಮರೆತ. ಹೇಳದೆ ಒಂದು ಹೆಜ್ಜೆ ಎತ್ತಿಡುವ ಪೈಕಿ ಅಲ್ಲ ಇವನು. ಹೀಗಾಗಿ ಕೈ ಬೀಸಿಕೊಂಡೇ ಬಂದು ಕಲಬುರಗಿಯ ಭೋರಮ್ಮನ ಹೊಟ್ಟೆಯಲ್ಲಿ ಹುಟ್ಟಿದ.

ಭೋರಮ್ಮನ ಗಂಡ ಏಸಿ ರಿಪೇರಿಯ ಅಂಗಡಿ ಬಿಟ್ಟು ತೀರಿಹೋಗಿದ್ದ. ಕಲಬುರಗಿ ಬಿಸಿಲು ಗೊತ್ತಲ್ಲ? ಯುಗಾದಿ ಸನಿಹ ಬಂತೆಂದರೆ ಊರಿಗೆ ಊರೇ ಸರ್ವಿಸಿಗೆ ಫೋನು ಮಾಡುತ್ತದೆ, ಅಲ್ಲಿಯವರೆಗೆ ಯಾರೂ ಏಸಿಯ ಕಡೆ ಮುಖ ಎತ್ತಿ ನೋಡಿರುವುದಿಲ್ಲ. ನಗಬೇಡಿ, ನಿಮ್ಮ ಮನೆಯದನ್ನು ಯಾವಾಗ ತೊಳೆಸಿದ್ದಿರಿ? ಭೋರಮ್ಮನಿಗೆ ಕೆಲಸವೆಲ್ಲ ಗೊತ್ತಿತ್ತು, ಆದರೆ ಮೊಣಕಾಲು ಏಣಿ ಹತ್ತಲು ಬಿಡುತ್ತಿರಲಿಲ್ಲ. ಮಗನಿಗೊಬ್ಬಳು ಬುದ್ಧಿವಂತ ಹೆಂಡತಿ ಬರಬೇಕು, ಅವಳ ಕೈಯಲ್ಲಿ ಅಂಗಡಿ ಉಳಿಯಬೇಕು, ಭೋರಮ್ಮನ ಆಸೆ ಇಷ್ಟೇ. ಪೆದ್ದನಿಗೆ ಹೆಣ್ಣು ಕೊಡುವವರು ಯಾರು? ಮೊದಲು ಅವನು ಕೆಲಸಗಾರ ಅನ್ನಿಸಿಕೊಳ್ಳಬೇಕು.

“ಮಾಸ್ತರ ಮನಿಗಿ ಹೋಗು,” ಅಂದಳು. “ಏಸಿ ಬಾಯಿ ತೆಗದು ಜಾಳಗಿ ಬಿಚ್ಚು. ಒಂದು ಚೂರೂ ಧೂಳ ಬಿಡಬ್ಯಾಡ.”

ಹೋದ. ಬಿಚ್ಚಿದ. ಹೊತ್ತು ಇಳಿಯುವಾಗ ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಬಂದು ಅವ್ವನ ಮುಂದೆ ಇಟ್ಟ.

“ಏನಲೇ ಇದು?”

“ಧೂಳವ್ವ. ಒಂದು ಚೂರೂ ಬಿಟ್ಟಿಲ್ಲ. ಎಲ್ಲಾ ತಂದೀನಿ.”

“ನಿನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ! ಧೂಳ ಯಾರಾರ ಮನಿಗಿ ಹೊತ್ತು ತರ್ತಾರೇನು? ಸಾಬೂನು ಹಾಕಿ ತಿಕ್ಕಿ ತೊಳಿಬೇಕು, ಬಿಸಿಲಿಗಿ ಒಣ ಹಾಕಬೇಕು.”

“ಹೂಂ, ಅವ್ವ.”

ಮರುದಿನ ಡಾಕ್ಟರಮ್ಮನ ಮನೆಗೆ ಹೋದ. ಅವರ ಏಸಿಗೆ ಏನೂ ಆಗಿರಲಿಲ್ಲ, ರಿಮೋಟಿನ ಗುಂಡಿ ಮಾತ್ರ ಸರಿಯಾಗಿ ಒತ್ತುತ್ತಿರಲಿಲ್ಲ. ಜಟ್ಟೆಪ್ಪ ರಿಮೋಟನ್ನು ಬಕೆಟಿನಲ್ಲಿ ನೆನೆ ಹಾಕಿದ, ಸಾಬೂನು ಹಚ್ಚಿ ಬ್ರಶ್ಶಿನಿಂದ ತಿಕ್ಕಿದ, ಡಾಕ್ಟರಮ್ಮನ ಸೀರೆಯ ಪಕ್ಕದಲ್ಲಿ ತಂತಿಗೆ ಕ್ಲಿಪ್ ಹಾಕಿ ಒಣಗಲು ಬಿಟ್ಟ. ಹಿಂಡುವುದಕ್ಕೂ ನೋಡಿದ್ದನಂತೆ, ಬಗ್ಗಲಿಲ್ಲವಂತೆ.

“ಅಯ್ಯ ನನ್ನ ಹಣೇಬಾರ,” ಅಂದಳು ಭೋರಮ್ಮ. “ಕರೆಂಟಿನ ಸಾಮಾನಿಗಿ ನೀರು ಮುಟ್ಟಸ್ತಾರೇನೋ? ಹನಿ ತಾಗದಂಗ ಬೆಚ್ಚಗ ಮುಚ್ಚಿ ಇಡಬೇಕು.”

“ಹೂಂ, ಅವ್ವ.”

ಆಮೇಲೆ ಬಟ್ಟೆ ಅಂಗಡಿ ಸಾಹುಕಾರನ ಮಾಳಿಗೆ. ಅಲ್ಲಿ ಏಸಿಯ ಹೊರಗಿನ ಡಬ್ಬಿ ಉರಿಬಿಸಿಲಿನಲ್ಲಿ ಗಿರ್‍ರೆಂದು ತಿರುಗುತ್ತಿತ್ತು. ಪಾಪ, ಮೈಮೇಲೆ ಏನೂ ಇಲ್ಲ. ಜಟ್ಟೆಪ್ಪ ಸಾಹುಕಾರನ ಅಜ್ಜಿಯ ಕೌದಿ ತಂದು ಸುತ್ತಿದ, ಮೇಲೆ ಇನ್ನೊಂದು ಕೌದಿ, ಮೇಲೆ ಹಗ್ಗ. ಡಬ್ಬಿ ಸ್ವಲ್ಪ ಹೊತ್ತು ಮುಲುಕಿತು, ಗೊರಗೊರ ಅಂತು, ಸುಮ್ಮನಾಯಿತು. ‘ನಿದ್ದಿ ಹತ್ತಿತು’ ಎಂದು ಜಟ್ಟೆಪ್ಪ ತುದಿಗಾಲಲ್ಲಿ ಕೆಳಗಿಳಿದು ಬಂದ. ಕೌದಿ ಸುಟ್ಟ ವಾಸನೆಗೆ ಓಣಿಯೆಲ್ಲ ಎದ್ದು ಬಂತು.

“ಅದು ಮನಿಯೊಳಗಿನ ಬಿಸಿ ಹೊರಗ ಊದೋ ಡಬ್ಬಿ, ನಿನ್ನ ಕೂಸಲ್ಲ,” ಎಂದು ಅವ್ವ ಹಣೆ ಚಚ್ಚಿಕೊಂಡಳು. “ಅದಕ್ಕ ಗಾಳಿ ಆಡಬೇಕು. ಏನು ಅಡ್ಡ ಇದ್ದರೂ ಬಿಚ್ಚಿ ಒಗಿ.”

“ಹೂಂ, ಅವ್ವ.”

ವಕೀಲರಿಂದ ಫೋನು ಬಂತು, ಏಸಿ ಹಚ್ಚಿದರೂ ಖೋಲಿ ತಂಪಾಗುತ್ತಿಲ್ಲವಂತೆ. ಜಟ್ಟೆಪ್ಪ ಹೋಗಿ ನೋಡಿದ. ಗಾಳಿಗೆ ಬಾಗಿಲು ಅಡ್ಡ. ಬಿಚ್ಚಿದ. ಕಿಟಕಿ ಅಡ್ಡ. ಬಿಚ್ಚಿದ. ಖೋಲಿಗೆ ಹತ್ತಿಕೊಂಡೇ ಜಳಕದ ಮನೆ, ಅದಕ್ಕೂ ಒಂದು ಬಾಗಿಲು. ವಕೀಲರು ಒಳಗೇ ಇದ್ದರು. ಮೈತುಂಬ ಸಾಬೂನು ಹಚ್ಚಿಕೊಂಡಿದ್ದವರು ತಂಬಿಗೆ ಅಡ್ಡ ಹಿಡಿದು ಕಾನೂನಿನಲ್ಲಿ ಇಲ್ಲದ ಬೈಗುಳವನ್ನೆಲ್ಲ ಬೈದರು.

ಭೋರಮ್ಮ ಈ ಸಲ ಬೈಯಲಿಲ್ಲ, ಕಣ್ಣೀರು ಹಾಕಿದಳು. ಯಾಕೆಂದರೆ ಅಂದೇ ಸಂಜೆ ಆಳಂದದಿಂದ ಗುರುಪಾದಪ್ಪ ಅನ್ನುವವನು ತನ್ನ ಮಗಳಿಗೆ ವರ ನೋಡಲು ಬರುವವನಿದ್ದ. ಹುಡುಗಿ ಡಿಪ್ಲೊಮಾ ಓದಿದವಳು. ಇದು ತಪ್ಪಿದರೆ ಮತ್ತೊಂದು ಮನೆತನ ಬರುವುದು ಕನಸಿನ ಮಾತು.

“ಕೇಳು, ನನ್ನಪ್ಪ,” ಅಂದಳು. “ತಂಪಾಗಲ್ಲಂದ್ರ ಒಳಗಿನ ಗ್ಯಾಸ್ ಸೋರಿರ್ತದ. ಗ್ಯಾಸಿನ ತ್ರಾಸ ಅಂತ ಯಾರಾರ ಅಂದ್ರ ಸಾಬೂನಿನ ನೊರಿ ಹಚ್ಚಿ ನೋಡಬೇಕು. ಗುಳ್ಳಿ ಎದ್ದಲ್ಲಿ ತೂತು ಅದ ಅಂತ ತಿಳಿ. ತೂತು ಸಿಕ್ಕರ ಅಲ್ಲೇ ಬೆಸುಗಿ ಹಾಕು. ಇವತ್ತು ಮಾತ್ರ ಬೀಗರ ಮುಂದ ಬಾಯಿ ಬಿಡಬ್ಯಾಡ.”

“ಹೂಂ, ಅವ್ವ.”

ಸಂಜೆ ಗುರುಪಾದಪ್ಪ ಬಂದ. ಭೋರಮ್ಮ ಮಂಡಕ್ಕಿಯ ಸುಸಲಾ ಇಟ್ಟಳು, ಮಿರ್ಚಿ ಭಜಿ ಇಟ್ಟಳು, ಇಟ್ಟದ್ದು ಮುಗಿದ ಹಾಗೆ ಮತ್ತೆ ಇಟ್ಟಳು. ಹುಡುಗ ತುಟಿ ಹೊಲಿದ ಹಾಗೆ ಕೂತಿದ್ದ. ಗುರುಪಾದಪ್ಪನಿಗೆ ಭಾರೀ ಖುಷಿ.

“ಈಗಿನ ಹುಡುಗರು ಮಾತು ಭಾಳ ಆಡ್ತಾರ್ರೀ. ಇವ ಭಾಳ ಗಂಭೀರ ಅದಾನ. ನನ್ನ ಮಗಳಿಗಿ ಇಂಥವನೇ ಬೇಕು. ಎಲಿ ಅಡಕಿ ತರ್‍ರಿ, ಮಾತು ಮುಗಿಸೇ ಬಿಡೂಣು.”

ಭೋರಮ್ಮನಿಗೆ ಮೊಣಕಾಲು ನೋವೇ ಮರೆತುಹೋಯಿತು. ಒಳಗೆ ಓಡಿದಳು. ಗುರುಪಾದಪ್ಪ ಗಾದಿಗೆ ಒರಗಿ, ಹೊಟ್ಟೆ ಸವರಿಕೊಂಡು, ಕಣ್ಣು ಮುಚ್ಚಿ, ಹೊಸ ಅಳಿಯನಿಗೆ ಹೇಳಿದ:

“ತಮ್ಮಾ, ಭಜಿ ಭಾಳ ಆದವು ನೋಡು. ಗ್ಯಾಸ್ ಭಾಳ ತ್ರಾಸ ಕೊಡಲತ್ತದ.”

ಜಟ್ಟೆಪ್ಪ ಎದ್ದ. ಮಾತಿಲ್ಲ ಕತೆಯಿಲ್ಲ. ನೊರೆ ಕಲಸಿ ತಂದ, ಮಾವನ ಅಂಗಿ ಮೇಲೆತ್ತಿ ಹೊಟ್ಟೆಗೆಲ್ಲ ಹಚ್ಚಿದ. ಗುರುಪಾದಪ್ಪ ಯಾವುದೋ ಮನೆಮದ್ದು ಅಂದುಕೊಂಡ. ತಂಪಾಗಿತ್ತು, ಹಾಯಾಗಿತ್ತು, ಎಂಥಾ ಸೇವೆ ಮಾಡೋ ಅಳಿಯ ಎಂದು ಹಿಗ್ಗಿದ. ಜಟ್ಟೆಪ್ಪ ಕಣ್ಣು ಅಗಲಿಸಿ ನೋಡಿದ, ಗುಳ್ಳೆ ಏಳಲಿಲ್ಲ. ಮಾವನನ್ನು ಮೆಲ್ಲಗೆ ಬೋರಲು ಹೊರಳಿಸಿದ. ಹೊರಳಿದ ಹೊಡೆತಕ್ಕೆ ಒಳಗೆ ಕೂತಿದ್ದ ಮಿರ್ಚಿ ಭಜಿಯ ಗ್ಯಾಸು ತನ್ನ ದಾರಿ ತಾನೇ ಹುಡುಕಿಕೊಂಡಿತು. ಗೋಡೆಯ ಮೇಲಿನ ಕ್ಯಾಲೆಂಡರು ಅಲ್ಲಾಡಿತು.

ಇಷ್ಟು ದಿನಕ್ಕೆ ಒಂದು ಕೆಲಸ ಸರಿಯಾಗಿ ಆಯಿತಲ್ಲ! ಆ ಸಂತೋಷಕ್ಕೆ ಜಟ್ಟೆಪ್ಪನ ಬಾಯಿ ನಿಲ್ಲಲಿಲ್ಲ.

“ಅವ್ವಾ, ತೂತು ಸಿಕ್ತು,” ಎಂದು ಬೆಸುಗೆಯ ಬರ್ನರು ಹಚ್ಚಿದ.

ಭೋರಮ್ಮ ಎಲೆ ಅಡಿಕೆಯ ತಾಟು ಹಿಡಿದು ಹೊರಗೆ ಬರುವುದಕ್ಕೂ, ಗುರುಪಾದಪ್ಪ ಹಿಂದಿನಿಂದ ಬರುತ್ತಿದ್ದ ನೀಲಿ ಉರಿ ಕಂಡು ನೊರೆ ಸಮೇತ ಬೀದಿಗೆ ಹಾರುವುದಕ್ಕೂ ಸರಿಹೋಯಿತು. ಅವನು ಮುಂದೆ, ಉರಿಯುವ ಬರ್ನರು ಹಿಡಿದ ಜಟ್ಟೆಪ್ಪ ಹಿಂದೆ, ಇಬ್ಬರೂ ಆಳಂದದ ರಸ್ತೆ ಹಿಡಿದು ಓಡಿದರು.

“ನಿಲ್ರಿ ಮಾವಾರೆ,” ಎಂದು ಜಟ್ಟೆಪ್ಪ ಕೂಗುತ್ತಿದ್ದ. “ಇನ್ನೂ ಸೋರಲತ್ತದ.”